ಏಳನೆಯ ಮೆಟ್ಟಿಲು

ನಮ್ಮ ಕಡೆ ಹೊಸ ಮನೆ ನೋಡಲು ಬಂದವರು ಮೆಟ್ಟಿಲು ಹತ್ತುವಾಗ ಬಾಯೊಳಗೇ ಎಣಿಸುತ್ತಾರೆ. ಮೊದಲನೆಯದು ಲಾಭ, ಎರಡನೆಯದು ನಷ್ಟ, ಮೂರನೆಯದು ಲಾಭ. ಕೊನೆಯದು ಲಾಭಕ್ಕೆ ನಿಂತರೆ ಮನೆ ಸರಿ. ನಷ್ಟಕ್ಕೆ ನಿಂತರೆ ಎದುರಿಗೆ ಯಾರೂ ಏನೂ ಹೇಳುವುದಿಲ್ಲ. ಕಾಫಿ ಕುಡಿದು ಹೊರಡುತ್ತಾರೆ, ಬೀದಿಯ ತಿರುವು ದಾಟಿದ ಮೇಲೆ ಮಾತಾಡಿಕೊಳ್ಳುತ್ತಾರೆ. ಶ್ರೀಗಂಧದ ಕಾವಲಿನ ನಮ್ಮ ಮನೆಗೆ ಏಳು ಮೆಟ್ಟಿಲು. ಲೆಕ್ಕ ಲಾಭಕ್ಕೇ ನಿಲ್ಲುತ್ತದೆ. ನನ್ನ ಹೆಂಡತಿ ತನ್ನ ಕಾಲಿನಿಂದ ಆ ಮೆಟ್ಟಿಲು ಹತ್ತಿದ್ದು ಗೃಹಪ್ರವೇಶದ ದಿನ ಒಂದು ಸಲ. ತಾನಾಗಿ ಇಳಿದದ್ದು ಇಲ್ಲವೇ ಇಲ್ಲ.

ಈ ಮನೆಯ ಪ್ಲಾನು ಯಾರ ಕೈಲಿ ಮಾಡಿಸಬೇಕು ಎಂದು ನಾವು ಸುಮಾರು ಆರು ತಿಂಗಳು ಹುಡುಕಿದೆವು. ಆಗ ಬರೆದಿಟ್ಟ ಟಿಪ್ಪಣಿ ಪುಸ್ತಕ ನನ್ನ ಬಳಿ ಈಗಲೂ ಇದೆ. ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದವನಿಗೆ ಇದೊಂದು ಅಭ್ಯಾಸ: ಯಾರನ್ನು ಕಂಡರೂ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳುವುದು, ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳುವುದು. ಆ ಪುಸ್ತಕ ತೆರೆದರೆ ಯಾರು ಏನು ಹೇಳಿದರು ಎಂಬುದೆಲ್ಲ ಇದೆ. ನಾನು ಏನು ಹೇಳಿದೆ ಎಂಬುದು ಒಂದೇ ಕಡೆ ಇದೆ.

ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಬೋರ್ಡಿನ ಮುಂದೆ ನಿಂತಿದ್ದಾಗ ಕಾಲು ಜೋಮು ಹಿಡಿಯುತ್ತದೆ ಎಂದು ತೋರಿಸಲು ಹೋದದ್ದು, ಪರೀಕ್ಷೆಗಳ ಮೇಲೆ ಪರೀಕ್ಷೆ ನಡೆದು ನರದ ಕಾಯಿಲೆ ಎಂದು ತೀರ್ಮಾನವಾಯಿತು. ಕಾಲಿನ ಶಕ್ತಿ ನಿಧಾನವಾಗಿ ಕುಗ್ಗುತ್ತದೆ, ಎರಡು ಮೂರು ವರ್ಷದಲ್ಲಿ ಗಾಲಿಕುರ್ಚಿ ಬೇಕಾಗಬಹುದು, ಇರುವ ಮನೆಯನ್ನು ಅದಕ್ಕೆ ತಕ್ಕಂತೆ ಮಾಡಿಕೊಳ್ಳಿ ಎಂದು ವೈದ್ಯರು ಹೇಳಿದರು. ಆಗ ನಾವಿದ್ದದ್ದು ವಿಜಯನಗರದಲ್ಲಿ, ಬಾಡಿಗೆಗೆ, ಮೊದಲನೆಯ ಮಹಡಿಯಲ್ಲಿ. ಅಪ್ಪ ನನಗೂ ಅಣ್ಣನಿಗೂ ಸೇರಿಸಿ ಬಿಟ್ಟುಹೋದ ಮೂವತ್ತು ನಲವತ್ತರ ಸೈಟು ಶ್ರೀಗಂಧದ ಕಾವಲಿನಲ್ಲಿ ಖಾಲಿ ಬಿದ್ದಿತ್ತು. ಅಣ್ಣನಿಗೆ ಮೂಡಲಪಾಳ್ಯದಲ್ಲಿ ಪಾತ್ರೆ ಅಂಗಡಿ. ಕೆಳಗೆ ನಾವು, ಮೇಲೆ ಅವನ ಸಂಸಾರ ಎಂದು ಹತ್ತು ನಿಮಿಷದಲ್ಲಿ ಮಾತಾಯಿತು. ಅವನೇ ಮೊದಲು ಹೇಳಿದ್ದು, ಕೆಳಗಡೆ ನಿಮಗೇ ಇರಲಿ ಎಂದು. ಅದನ್ನು ಇಲ್ಲಿ ಬರೆಯದಿದ್ದರೆ ತಪ್ಪಾಗುತ್ತದೆ.

ಹೊಸ ಮನೆಯಲ್ಲಿ ನಿನಗೇನು ಬೇಕು ಎಂದು ಹೆಂಡತಿಯನ್ನು ಕೇಳಿದೆ. ಅಡುಗೆಮನೆ, ದೇವರಮನೆ ಯಾವುದರ ಮಾತನ್ನೂ ಅವಳು ಎತ್ತಲಿಲ್ಲ.

"ಯಾರನ್ನೂ ಕೂಗದೆ ಗೇಟಿನ ತನಕ ಹೋಗಿ ಬರೋ ಹಾಗಿರ್ಬೇಕು. ಅಷ್ಟೇ ರೀ."

ಅದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡೆ. ಕೆಳಗೆ ಗೆರೆ ಎಳೆದೆ.

ಆರ್ಕಿಟೆಕ್ಟ್ ಬೇಕು ಎಂದು ನಾನು ಹೇಳಿದಾಗ ಅಣ್ಣನಿಗೆ ಅರ್ಥವಾಗಲಿಲ್ಲ. ನಮ್ಮ ಏರಿಯಾದಲ್ಲಿ ಮನೆ ಕಟ್ಟುವವರಿಗೆ ಗೊತ್ತಿರುವುದು ಇಂಜಿನಿಯರ್. ಪ್ಲಾನು ಬರೆಯುವವನೂ, ಕಬ್ಬಿಣ ಕಟ್ಟಿಸುವವನೂ, ಕರೆಂಟು ಕನೆಕ್ಷನ್ನಿಗೆ ಓಡಾಡುವವನೂ ಇಂಜಿನಿಯರ್. ಆರ್ಕಿಟೆಕ್ಟ್ ಎಂದರೆ ಎಲಿವೇಷನ್ ಮಾಡುವವರು ಎಂದೇ ಅಣ್ಣನ ತಿಳಿವಳಿಕೆ. ಅಂದರೆ ಮನೆಯ ಮುಂಭಾಗಕ್ಕೆ ಕಲ್ಲು, ಗಾಜು, ಮರದ ಪಟ್ಟಿ ಹಚ್ಚಿ ಚೆಂದ ಕಾಣಿಸುವವರು. ಅದು ಕೊನೆಗೆ ನೋಡೋಣ, ಈಗ ಬೇಕಾಗಿರೋದು ಪ್ಲಾನು ಅಲ್ಲವಾ ಎಂದ. ನಾವು ಮೊದಲು ಹೋದ ಕಡೆ ಅವನ ಮಾತೇ ನಿಜವಾಯಿತು. ರಾಜಾಜಿನಗರದ ಒಂದು ದೊಡ್ಡ ಕಚೇರಿ. ಅಲ್ಲಿದ್ದವರು ಟೀವಿಯ ಮೇಲೆ ಒಂದಾದ ಮೇಲೊಂದು ಮನೆಯ ಚಿತ್ರ ತೋರಿಸಿದರು. ಎಲ್ಲ ಚಿತ್ರಗಳಲ್ಲೂ ಸಂಜೆಯಾಗಿತ್ತು, ಎಲ್ಲ ದೀಪಗಳೂ ಉರಿಯುತ್ತಿದ್ದವು, ಯಾವ ಮನೆಯಲ್ಲೂ ಜನ ಇರಲಿಲ್ಲ. ಗೇಟಿನ ಪ್ರಶ್ನೆ ಕೇಳಿದೆ. ಗೇಟಿಗೆ ರಿಮೋಟ್ ಹಾಕಿಸಬಹುದು ಎಂದರು. ಬರೆದುಕೊಂಡು ಬಂದೆ.

ಎರಡನೆಯವಳು ಬಸವೇಶ್ವರನಗರದಲ್ಲಿ ತನ್ನ ಮನೆಯ ಮೇಲಿನ ಕೋಣೆಯಲ್ಲೇ ಕಚೇರಿ ಮಾಡಿಕೊಂಡಿದ್ದ ಯುವತಿ. ಹೆಂಡತಿಯ ಶಾಲೆಯ ಸಹೋದ್ಯೋಗಿಯೊಬ್ಬರು ಹೇಳಿ ಕಳಿಸಿದ್ದರು. ನಾವು ಅವಳ ಬಳಿಗೆ ಹೋಗುವುದು ಬೇಡ, ತಾನೇ ಬರುತ್ತೇನೆ ಎಂದಳು. ವಿಜಯನಗರದ ಮನೆಗೆ ಬಂದವಳು ಚಿತ್ರ ತೋರಿಸಲಿಲ್ಲ. ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಚಾಚಿಸಿ, ಬೆರಳು ಎಷ್ಟು ಎತ್ತರಕ್ಕೆ ಮುಟ್ಟುತ್ತದೆ ಎಂದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದಳು. ಬಾಗಿಲಿನಿಂದ ನಲ್ಲಿಯ ತನಕ ನಡೆಯಲು ಹೇಳಿ ಗಡಿಯಾರ ನೋಡಿದಳು. ಆಮೇಲೆ ನೆಲದ ಮೇಲೆ ಕೂತು ಕೇಳಿದಳು.

"ಮೇಡಂ, ಬೆಳಿಗ್ಗೆ ಎದ್ದ ಮೇಲೆ ಮೊದಲು ಎಲ್ಲಿಗೆ ಹೋಗ್ತೀರ?"

"ಬಾಗ್ಲಿಗಮ್ಮ. ಹಾಲು ತಗೊಳೋಕೆ."

"ಹಾಗಾದ್ರೆ ಅಲ್ಲಿಂದಲೇ ಶುರು ಮಾಡೋಣ."

ಹದಿನೈದು ದಿನದ ಮೇಲೆ ಪ್ಲಾನು ತಂದಳು. ಅದರಲ್ಲಿ ಮೆಟ್ಟಿಲೇ ಇರಲಿಲ್ಲ. ಗೇಟಿನಿಂದ ಪೂರ್ವದ ಕಾಂಪೌಂಡಿನ ಪಕ್ಕದಲ್ಲೇ ಒಂದು ಇಳಿಜಾರು ಹಾದಿ, ಅದರ ತುದಿಯಲ್ಲಿ ಮನೆಯ ಬಾಗಿಲು. ಅವಳ ಸೂತ್ರ ಸರಳವಾಗಿತ್ತು. ಗಾಲಿಕುರ್ಚಿಯಲ್ಲಿರುವವರು ತಾವೇ ಹತ್ತಬೇಕಾದರೆ ಒಂದು ಇಂಚು ಏರಲು ಒಂದು ಅಡಿ ಉದ್ದ ಬೇಕು. ಆದ್ದರಿಂದ ರಸ್ತೆಯಿಂದ ಮನೆಯ ನೆಲ ಹದಿನೆಂಟು ಇಂಚಿಗಿಂತ ಎತ್ತರ ಇರಬಾರದು, ಇಳಿಜಾರು ಹದಿನೆಂಟು ಅಡಿ. ಮಳೆ ನೀರು ಒಳಗೆ ಬಾರದಂತೆ ಗೇಟಿನ ಉದ್ದಕ್ಕೂ ಜಾಲರಿ ಮುಚ್ಚಿದ ಚರಂಡಿ. ಹೆಂಡತಿ ಸ್ಕೇಲು ತಂದು ತಾನೇ ಅಳೆದು ನೋಡಿದಳು. ಒಂದು ಕಡೆ ಅಳತೆ ತಪ್ಪಿದೆ ಎಂದು ತೋರಿಸಿದಳು, ಯುವತಿ ಒಪ್ಪಿಕೊಂಡು ತಿದ್ದಿದಳು. ಅಷ್ಟು ದಿನಗಳಲ್ಲಿ ಹೆಂಡತಿ ಅಷ್ಟು ಹೊತ್ತು ಒಂದು ಕಡೆ ಕೂತದ್ದನ್ನು ನಾನು ನೋಡಿರಲಿಲ್ಲ.

ಮೂರನೆಯವನನ್ನು ಅಣ್ಣ ಕರೆತಂದ. ಹೆಗ್ಗನಹಳ್ಳಿ ಕಡೆಯ ಇಂಜಿನಿಯರ್, ಅಣ್ಣನ ಅಂಗಡಿಯ ಸಾಲಿನಲ್ಲೇ ಮೂರು ಕಟ್ಟಡ ಎಬ್ಬಿಸಿದವನು. ನಗುಮುಖದ ಮನುಷ್ಯ, ಹೇಳಿದ ಸಮಯಕ್ಕೆ ಬರುತ್ತಿದ್ದ. ಸೈಟಿಗೆ ಬಂದು ಟೇಪು ಹಿಡಿದು, ಅಲ್ಲೇ ಬೈಕಿನ ಸೀಟಿನ ಮೇಲೆ ಹಾಳೆ ಇಟ್ಟು ಪ್ಲಾನು ಬರೆದ. ಬರೆಯುವ ಮುಂಚೆ ಕೇಳಿದ್ದು ಅಣ್ಣನ ನಕ್ಷತ್ರ. ಮನೆಯ ಉದ್ದ ಅಗಲ ಗುಣಿಸಿ, ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಿ ಉಳಿದ ಸಂಖ್ಯೆಯಿಂದ ಮನೆಯ ಆಯ ಹೇಳುತ್ತಾರೆ. ಉಳಿದದ್ದು ಬೆಸ ಸಂಖ್ಯೆಯಾದರೆ ಒಳ್ಳೆಯದು. ಅವನು ಆ ಲೆಕ್ಕವನ್ನು ಬಾಯಲ್ಲೇ ಮಾಡಿ, ಐದು ಉಳಿಯುವಂತೆ ವೃಷಭಾಯ ಕೂಡಿಸಿದ. ಹೆಂಡತಿ ಪಕ್ಕದಲ್ಲಿ ನಿಂತು ಮನಸ್ಸಿನಲ್ಲೇ ಗುಣಿಸಿ, ಲೆಕ್ಕ ಸರಿಯಾಗಿದೆ ಎಂದಳು. ನಕ್ಕಳು ಕೂಡ.

ನೆಲ ಮೂರೂವರೆ ಅಡಿ ಎತ್ತರ ಇರಲೇಬೇಕು ಎಂದು ಅವನು ಹೇಳಿದ. ಅದಕ್ಕೆ ಕಾರಣವೂ ಇತ್ತು. ನಮ್ಮ ಬೀದಿಗಳಲ್ಲಿ ಹಳೆಯ ಡಾಂಬರು ಕೆರೆಯದೆ ಅದರ ಮೇಲೇ ಹೊಸದು ಹಾಕುತ್ತಾರೆ. ಹತ್ತು ವರ್ಷ ಹಳೆಯ ಮನೆಗಳ ಅಂಗಳ ರಸ್ತೆಗಿಂತ ಕೆಳಗಿದೆ, ಮಳೆ ಬಂದರೆ ಅಲ್ಲಿ ಬಕೆಟ್ಟು ಹಿಡಿದು ನಿಲ್ಲುತ್ತಾರೆ. ಅವನು ಸುಳ್ಳು ಹೇಳಲಿಲ್ಲ. ಈಶಾನ್ಯದಲ್ಲಿ ನೆಲದಡಿಯ ನೀರಿನ ಸಂಪು, ಅದರ ಪಕ್ಕದಲ್ಲಿ ಏಳು ಮೆಟ್ಟಿಲು, ಮೇಲೆ ಒಂದು ಸಣ್ಣ ವರಾಂಡ, ಕಾರು ನಿಲ್ಲಲು ಜಾಗ. ಗಾಲಿಕುರ್ಚಿಗೆ ಏನು ಎಂದು ಹೆಂಡತಿ ಕೇಳಿದಳು.

"ಮೊದ್ಲು ಮನೆ ಎದ್ದೇಳ್ಲಿ ಅಕ್ಕ. ರ‍್ಯಾಂಪ್ ಆಮೇಲೆ ಕೂರಿಸೋಣ."

ಕೂರಿಸುವುದು ಎಂಬುದು ಕಟ್ಟಡದವರ ಮಾತು. ಬಾಗಿಲು ಕೂರಿಸುತ್ತಾರೆ, ಕಿಟಕಿ ಕೂರಿಸುತ್ತಾರೆ, ಸಿಂಕು ಕೂರಿಸುತ್ತಾರೆ. ಆ ಮಾತಿನಲ್ಲಿ ಯಾವುದೂ ಕೂರದೆ ಹೋಗುವ ಸಾಧ್ಯತೆಯೇ ಇರುವುದಿಲ್ಲ. 'ರ‍್ಯಾಂಪ್ ಆಮೇಲೆ ಕೂರಿಸೋಣ' ಎಂದು ನಾನು ಬರೆದುಕೊಂಡೆ. ಎಲ್ಲಿ, ಎಷ್ಟು ಉದ್ದ ಎಂದು ಕೇಳಲಿಲ್ಲ. ಹೊಸದಾಗಿ ಸೇರಿದ ವರದಿಗಾರ ಇಂಥ ಒಂದು ಸಾಲು ತಂದುಕೊಟ್ಟಿದ್ದರೆ ಆ ಎರಡು ಪ್ರಶ್ನೆ ಕೇಳದೆ ನಾನು ಪುಟಕ್ಕೆ ಬಿಡುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಎರಡೂ ಪ್ಲಾನುಗಳನ್ನು ಊಟದ ಮೇಜಿನ ಮೇಲೆ ಹರಡಿ ಕೂತೆವು. ಅಣ್ಣ, ಹೆಂಡತಿ, ನಾನು. ಯುವತಿಯ ಪ್ಲಾನನ್ನು ಅಣ್ಣ ಬಹಳ ಹೊತ್ತು ನೋಡಿದ. ಇಳಿಜಾರಿಗೆ ಜಾಗ ಹೋದದ್ದರಿಂದ ಮನೆಯ ಅಗಲ ಕಡಿಮೆಯಾಗಿತ್ತು, ಆಯ ಕೆಡುತ್ತಿತ್ತು. ಕಾರು ರಸ್ತೆಯಲ್ಲಿ ನಿಲ್ಲಬೇಕಿತ್ತು. ಅವೆರಡನ್ನೂ ಅವನು ಬಿಟ್ಟುಕೊಡಲು ತಯಾರಿದ್ದ ಎಂದು ನನಗೆ ಈಗಲೂ ಅನಿಸುತ್ತದೆ. ಅವನ ಬೆರಳು ಬಂದು ನಿಂತದ್ದು ಗೇಟಿನ ಹತ್ತಿರ.

"ಮೆಟ್ಟಿಲೇ ಇಲ್ವಲ್ಲೋ. ಲಾಭ ನಷ್ಟ ಎಲ್ಲಿಂದ ಎಣಿಸ್ತೀಯಾ?"

"ಎಣಿಸೋಕೆ ಏನೂ ಇಲ್ಲ ಅಂದ್ರೆ ನಷ್ಟಾನೂ ಇಲ್ಲ ಅಲ್ವಾ ಭಾವ?" ಎಂದಳು ಹೆಂಡತಿ.

"ಹಂಗಲ್ಲಮ್ಮ. ಸೊನ್ನೆ ಅಂದ್ರೆ ಸಮ ಸಂಖ್ಯೆ. ಮೇಷ್ಟ್ರು ನೀನೇ ಹೇಳು, ಅಲ್ವೋ ಹೌದೋ?"

ಹೌದು ಎಂದು ಅವಳು ಒಪ್ಪಬೇಕಾಯಿತು. ಅಣ್ಣ ಗೇಲಿ ಮಾಡುತ್ತಿರಲಿಲ್ಲ. ಅವನ ಮಗಳಿಗೆ ಆ ವರ್ಷವೇ ಕೂಡಿಬಂದ ಎರಡು ಸಂಬಂಧಗಳು ಮಾತುಕತೆಯ ಕೊನೆಯಲ್ಲಿ ಮುರಿದುಬಿದ್ದಿದ್ದವು. ಹೊಸ ಮನೆಯಲ್ಲಿ ಅವಳ ಮದುವೆ ಆಗಬೇಕು ಎಂಬುದು ಅವನ ಆಸೆ. ಮೇಲಿನ ಮನೆಗೆ ಬೇರೆ ಮೆಟ್ಟಿಲಿದ್ದರೂ ಬರುವವರು ಇದೇ ಗೇಟು ದಾಟಬೇಕಲ್ಲ, ಎಣಿಸುವುದು ಮುಂಬಾಗಿಲ ಮೆಟ್ಟಿಲನ್ನೇ.

ನಾನು ಪುಸ್ತಕ ತೆರೆದು ಎರಡೂ ಕಡೆಯ ಅನುಕೂಲ ಅನನುಕೂಲಗಳನ್ನು ಓದಿದೆ. ಒಂದು ಕಡೆಗೆ ಎಷ್ಟು ಅಂಶ, ಇನ್ನೊಂದಕ್ಕೆ ಎಷ್ಟು ಎಂದು ಹೆಚ್ಚು ಕಡಿಮೆಯಾಗದಂತೆ ಓದಿದೆ. ಹೆಂಡತಿ ಪೂರ್ತಿ ಕೇಳಿಸಿಕೊಂಡಳು.

"ಅದೆಲ್ಲ ಸರಿ. ನಿಮಗೆ ಯಾವುದು ಸರಿ ಅನ್ಸುತ್ತೆ?"

ಎರಡರಲ್ಲೂ ಒಳ್ಳೆಯದಿದೆ ಎಂದೆ. ಪುಸ್ತಕದಲ್ಲಿ ನನ್ನ ಮಾತು ಇರುವುದು ಇದೊಂದೇ ಕಡೆ. ಅವಳು ನನ್ನನ್ನು ನೋಡಿ, ಭಾವ ಹೇಳಿದ ಹಾಗೇ ಆಗಲಿ, ರ‍್ಯಾಂಪ್ ಹೇಗೂ ಆಮೇಲೆ ಕೂರಿಸುತ್ತಾರಲ್ಲ ಎಂದಳು. ಯುವತಿಯ ಪ್ಲಾನಿನ ಹಾಳೆಯನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಬೀರುವಿನ ಮೇಲೆ ಇಟ್ಟಳು. ಆ ಯುವತಿಗೆ ತಿಳಿಸುತ್ತೇವೆ ಎಂದು ಹೇಳಿದ್ದೆವು. ತಿಳಿಸಲಿಲ್ಲ.

ಮನೆ ಒಂದು ವರ್ಷದೊಳಗೆ ಎದ್ದಿತು. ಇಂಜಿನಿಯರ್ ಮಾತಿಗೆ ತಪ್ಪುವವನಲ್ಲ, ಗೋಡೆಗಳು ನೇರವಾಗಿದ್ದವು, ಎಲ್ಲೂ ಸೋರಲಿಲ್ಲ. ಹೆಂಡತಿ ಕೆಲಸದ ಮಧ್ಯೆ ಒಂದೇ ಒಂದು ಬದಲಾವಣೆ ಕೇಳಿದಳು: ಮುಂಬಾಗಿಲಿನ ಹೊಸ್ತಿಲನ್ನು ಮೇಲಕ್ಕೆ ಎಬ್ಬಿಸದೆ ನೆಲದ ಮಟ್ಟಕ್ಕೇ ಹುಗಿಯಬೇಕು. ಬಡಗಿಗೆ ಸರಿಬೀಳಲಿಲ್ಲ, ಅಣ್ಣನೇ ಮುಂದೆ ನಿಂತು ಮಾಡಿಸಿದ. ಗೃಹಪ್ರವೇಶದ ದಿನ ಅವಳು ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ನನ್ನ ತೋಳು ಹಿಡಿದು ಏಳು ಮೆಟ್ಟಿಲು ಹತ್ತಿದಳು. ಹಿಂದೆ ಬರುತ್ತಿದ್ದ ನೆಂಟರ ಹೆಂಗಸೊಬ್ಬರು ಲಾಭ ನಷ್ಟ ಎಣಿಸುತ್ತಿದ್ದದ್ದು ಕೇಳಿಸಿತು. ಏಳಕ್ಕೆ ಬಂದಾಗ ಅವರಿಗೆ ಸಮಾಧಾನವಾಯಿತು.

ಗಾಲಿಕುರ್ಚಿ ವೈದ್ಯರು ಹೇಳಿದ್ದಕ್ಕಿಂತ ಬೇಗ, ಗೃಹಪ್ರವೇಶವಾದ ವಾರದೊಳಗೇ ಬಂತು. ಒಂದು ಬೆಳಿಗ್ಗೆ ಇಂಜಿನಿಯರನ್ನು ಕರೆಸಿದೆವು. ಅವನು ಮೆಟ್ಟಿಲುಗಳ ಮುಂದೆ ಟೇಪು ಹಿಡಿದು ನಿಂತ, ಕೂತ, ಮತ್ತೆ ನಿಂತ. ಒಂದು ಹಲಗೆ ಮಾಡಿಸಿ ಕಳಿಸುತ್ತೇನೆ, ಇಬ್ಬರು ಹಿಡಿದುಕೊಂಡರೆ ಇಳಿಸಬಹುದು ಎಂದ. ಕಳಿಸಿಯೂ ಕಳಿಸಿದ. ಹಲಗೆಯ ಮೇಲೆ ಕುರ್ಚಿ ಒಮ್ಮೆ ಜಾರಿದ ಮೇಲೆ ಅದನ್ನು ಹಿತ್ತಲ ಗೋಡೆಗೆ ಒರಗಿಸಿದೆವು. ಆಸ್ಪತ್ರೆಗೆ ಹೋಗುವ ದಿನ ಅಣ್ಣ ಅಂಗಡಿ ತಡವಾಗಿ ತೆರೆಯುತ್ತಿದ್ದ. ನಾನು ಹಿಂದೆ, ಅವನು ಮುಂದೆ, ಕುರ್ಚಿಯನ್ನು ಎತ್ತಿಕೊಂಡು ಇಳಿಯುತ್ತಿದ್ದೆವು. ಹೆಂಡತಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅಣ್ಣನಿಗೂ ಅರುವತ್ತು ದಾಟಿದೆ, ಕೆಳಗೆ ಇಳಿಸಿದ ಮೇಲೆ ಕಾಂಪೌಂಡು ಹಿಡಿದು ಉಸಿರು ತೆಗೆದುಕೊಳ್ಳುತ್ತಿದ್ದ.

ಕೊನೆಗೆ ನಾನು ಬಸವೇಶ್ವರನಗರಕ್ಕೆ ಫೋನ್ ಮಾಡಿದೆ. ಯುವತಿ ಮರುದಿನವೇ ಬಂದಳು. ಹೆಂಡತಿಯ ಪಕ್ಕದಲ್ಲಿ ಕೂತು ಕಾಫಿ ಕುಡಿದಳು, ಹುಗಿದ ಹೊಸ್ತಿಲನ್ನು ನೋಡಿ ಇದು ಯಾರ ಐಡಿಯಾ ಎಂದು ಕೇಳಿ ತಿಳಿದುಕೊಂಡಳು. ಆಮೇಲೆ ಅಳೆದಳು. ನೆಲ ನಲವತ್ತೆರಡು ಇಂಚು ಎತ್ತರ. ಅಂದರೆ ನಲವತ್ತೆರಡು ಅಡಿ ಇಳಿಜಾರು. ನಮ್ಮ ಸೈಟಿನ ಉದ್ದವೇ ನಲವತ್ತು. ತಿರುಗಿಸಿ ತರೋಣವೆಂದರೆ ಒಂದು ಪಕ್ಕದಲ್ಲಿ ಅಣ್ಣನ ಮನೆಗೆ ಹೋಗುವ ಮೆಟ್ಟಿಲು, ಇನ್ನೊಂದು ಪಕ್ಕದಲ್ಲಿ ಒಬ್ಬರು ಅಡ್ಡಡ್ಡ ನಡೆಯುವಷ್ಟು ಸಂದು. ಕುರ್ಚಿಯನ್ನು ಮೇಲೆ ಕೆಳಗೆ ಒಯ್ಯುವ ಯಂತ್ರ ಇಡುವುದಕ್ಕೆ ಇದ್ದ ಒಂದೇ ಜಾಗದ ಕೆಳಗೆ ಸಂಪು ಇತ್ತು, ಅದರ ಮುಚ್ಚಳದ ಕಾಂಕ್ರೀಟು ಆ ಭಾರ ತಡೆಯುವುದಿಲ್ಲ ಎಂದಳು. ಸಂಪು ಬೇರೆ ಕಡೆ ಮಾಡಿದರೆ ಎಂದೆ. ಮೇಲಿನ ಮನೆ ಹೊತ್ತಿರೋ ಕಾಲಂ ಇರೋದೂ ಅಲ್ಲೇ ಸಾರ್ ಎಂದಳು. ಗೇಟಿನ ತನಕ ಅವಳನ್ನು ಬಿಡಲು ಹೋದೆ.

"ಪ್ಲಿಂತ್ ಹಾಕಿ ನೆಲದ ಎತ್ತರ ಗೊತ್ತುಮಾಡೋ ದಿನ ಒಂದು ಫೋನ್ ಮಾಡಿದ್ದಿದ್ರೆ ಸಾಕಿತ್ತು ಸಾರ್. ಕೆಲಸ ನನಗೆ ಕೊಡದಿದ್ರೂ ಬರ್ತಿದ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಳತೆಗೆ ಬಂದದ್ದಕ್ಕೆ ಏನನ್ನೂ ತೆಗೆದುಕೊಳ್ಳಲಿಲ್ಲ.

ಅಲ್ಲಿಗೆ ಗೇಟಿನ ಮಾತು ಮುಗಿಯಿತು. ಉಳಿದದ್ದು ವರಾಂಡ. ಹೊಸ್ತಿಲು ನೆಲಕ್ಕೆ ಸಮವಾಗಿದ್ದದ್ದರಿಂದ ಹೆಂಡತಿ ಹಾಲ್‌ನಿಂದ ವರಾಂಡಕ್ಕೆ ತಾನೇ ಗಾಲಿ ತಿರುಗಿಸಿಕೊಂಡು ಬರುತ್ತಿದ್ದಳು. ಮೆಟ್ಟಿಲ ತುದಿಗೆ ಕಬ್ಬಿಣದ ಒಂದು ಸರಪಳಿ ಹಾಕಿಸಿದ್ದೆ. ಬೆಳಿಗ್ಗೆ ಸೊಪ್ಪಿನ ಗಾಡಿಯವಳು ಗೇಟು ತೆಗೆದು ಒಳಗೆ ಬಂದು, ಒಂದೊಂದೇ ಕಂತೆಯನ್ನು ಎತ್ತಿ ತೋರಿಸುತ್ತಿದ್ದಳು. ದಂಟು ಬಲಿತಿದೆ, ನಿನ್ನೆಯದು ಕೊಡಬೇಡ ಎಂದು ಇವಳು ಮೇಲಿಂದ ಹೇಳುತ್ತಿದ್ದಳು. ಸಂಜೆ ಪಕ್ಕದ ಮನೆಯ ಮಕ್ಕಳು ಲೆಕ್ಕದ ಪುಸ್ತಕ ಹಿಡಿದುಕೊಂಡು ಬಂದು ಮೆಟ್ಟಿಲುಗಳ ಮೇಲೆ ಸಾಲಾಗಿ ಕೂರುತ್ತಿದ್ದರು. ಇಡೀ ಬೀದಿ ಕಾಣುತ್ತಿತ್ತು. ಗೇಟು ಹನ್ನೆರಡು ಅಡಿ ದೂರದಲ್ಲಿತ್ತು. ಅವಳು ಅದರ ಬಗ್ಗೆ ಮಾತಾಡುವುದನ್ನು ಬಿಟ್ಟಿದ್ದಳು.

ಹೋದ ವರ್ಷ ನಮ್ಮ ಬೀದಿಗೆ ಕಾಂಕ್ರೀಟು ಹಾಕಿದರು. ಹಳೆಯ ಡಾಂಬರಿನ ಮೇಲೇ ಹಾಕಿದರು, ಇಂಜಿನಿಯರ್ ಹೇಳಿದ ಹಾಗೇ. ರಸ್ತೆಯ ಮಟ್ಟಕ್ಕೆ ತರಲು ಗೇಟಿನೊಳಗಿನ ನೆಲವನ್ನೂ ಎತ್ತರಿಸಬೇಕಾಯಿತು. ಕೆಲಸ ಮುಗಿದಾಗ ಕೆಳಗಿನ ಮೆಟ್ಟಿಲು ಮುಚ್ಚಿಹೋಗಿತ್ತು. ಉಳಿದದ್ದು ಆರು. ಹೆಂಡತಿ ವರಾಂಡದಿಂದ ನೋಡಿ, ಇನ್ನು ಮೂವತ್ತಾರು ಅಡಿ ಸಾಕು ರೀ ಎಂದಳು. ಇನ್ನು ಮೂರು ಸಲ ರಸ್ತೆ ಮಾಡಿದರೆ ಆ ಹುಡುಗಿಯ ಪ್ಲಾನಿನ ಎತ್ತರಕ್ಕೇ ಬರುತ್ತದೆ ಎಂದೂ ಲೆಕ್ಕ ಹೇಳಿದಳು. ನಾವಿಬ್ಬರೂ ನಕ್ಕೆವು.

ಅಣ್ಣ ನಗಲಿಲ್ಲ. ಆರು ಎಂದರೆ ನಷ್ಟ. ಅವನ ಮಗಳ ಮೂರನೆಯ ಸಂಬಂಧ, ನಿಶ್ಚಿತಾರ್ಥದ ದಿನ ಗೊತ್ತಾಗಿದ್ದದ್ದು, ಅದೇ ತಿಂಗಳು ಮುರಿಯಿತು. ಗಂಡಿನ ಕಡೆಯವರು ಬೇರೆ ಏನೋ ಕಾರಣ ಹೇಳಿದರು. ಅಣ್ಣ ಮೆಟ್ಟಿಲು ಎಣಿಸಿದ್ದ. ಇಂಜಿನಿಯರ್ ಬಂದ. ಆರನ್ನು ಒಡೆದು ಏಳು ಮಾಡುವುದು ದೊಡ್ಡ ಕೆಲಸ, ವರಾಂಡದಲ್ಲಿ ಕೆಳಗಿನ ಮನೆಯ ಬಾಗಿಲಿನ ಮುಂದೆ ಎರಡು ಇಂಚು ಎತ್ತರದ ಗ್ರಾನೈಟ್ ಪಟ್ಟಿಯೊಂದನ್ನು ಕೂರಿಸಿದರೆ ಅದೇ ಏಳನೆಯದಾಗುತ್ತದೆ, ಕಾಲು ಇಟ್ಟು ಹತ್ತುವುದೆಲ್ಲ ಮೆಟ್ಟಿಲೇ ಎಂದ. ಅಣ್ಣ ಕೆಳಗೆ ಬಂದು ಹೆಂಡತಿಯ ಎದುರು ಕೂತ. ವಿಷಯ ಹೇಳಲು ಅವನಿಗೆ ಕಷ್ಟವಾಯಿತು.

"ನಿನಗೆ ತೊಂದ್ರೆ ಆಗುತ್ತೆ ಅಂದ್ರೆ ಬೇಡಮ್ಮ. ಬೇಡ ಅಂತ ಒಂದು ಮಾತು ಹೇಳ್ಬಿಡು."

ಅವಳು ನನ್ನ ಕಡೆ ನೋಡಲಿಲ್ಲ. ಈ ಸಲ ಕೇಳಲೂ ಇಲ್ಲ.

"ಹಾಕಿಸ್ಕೊಳ್ಳಿ ಭಾವ. ಹುಡುಗಿ ಮದುವೆ ಆಗ್ಲಿ."

ನಾನು ಅಲ್ಲೇ ಇದ್ದೆ. ಎರಡು ಇಂಚು ಎಂದರೆ ಎರಡು ಅಡಿ ಇಳಿಜಾರು, ವರಾಂಡದ ಅಗಲ ನಾಲ್ಕು ಅಡಿ, ಒಳಗೂ ಹೊರಗೂ ಇಳಿಜಾರು ಹಾಕಿದರೆ ಕುರ್ಚಿ ನಿಲ್ಲಲು ಸಮನೆಲ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅಷ್ಟು ಲೆಕ್ಕ ನಾನೂ ಆ ಹೊತ್ತಿಗೆ ಕಲಿತಿದ್ದೆ. ಇಳಿಜಾರು ಹಾಕಿದ ಕಲ್ಲು ಮೆಟ್ಟಿಲೆಂದು ಲೆಕ್ಕಕ್ಕೆ ಬರುವುದಿಲ್ಲ ಎಂದು ಅಣ್ಣ ಹೇಳುತ್ತಾನೆಂಬುದೂ ಗೊತ್ತಿತ್ತು. ಒಂದು ಮಾತು ಸಾಕಿತ್ತು. ಅವನು ಕೇಳಿದ್ದು ಅವಳನ್ನು, ನನ್ನನ್ನಲ್ಲ ಎಂದುಕೊಂಡೆ.

ಕಲ್ಲು ಕೂರಿಸಿದ್ದು ಒಂದು ಶುಕ್ರವಾರ. ಸಿಮೆಂಟು ಒಣಗಲು ಎರಡು ದಿನ ಬಿಟ್ಟರು. ಕಪ್ಪು ಕಲ್ಲು, ಅಂಚು ದುಂಡಗೆ ಮಾಡಿ ಪಾಲಿಶ್ ಕೊಟ್ಟಿದ್ದರು, ಅಚ್ಚುಕಟ್ಟಾದ ಕೆಲಸ. ಅಣ್ಣನ ಮಗಳಿಗೆ ಇನ್ನೂ ಯಾವುದೂ ಕೂಡಿಬಂದಿಲ್ಲ.

ಸೋಮವಾರ ಬೆಳಿಗ್ಗೆ ನಾನು ಹಾಲ್‌ನಲ್ಲಿ ಪೇಪರ್ ಓದುತ್ತಿದ್ದೆ. ಸೊಪ್ಪಿನ ಗಾಡಿಯ ಕೂಗು ಬೀದಿಯ ತುದಿಯಲ್ಲಿ ಕೇಳಿಸಿತು. ಹೆಂಡತಿ ಅಡುಗೆಮನೆಯಿಂದ ಗಾಲಿ ತಿರುಗಿಸಿಕೊಂಡು ಮುಂಬಾಗಿಲಿಗೆ ಬಂದಳು. ಮುಂದಿನ ಎರಡು ಸಣ್ಣ ಗಾಲಿಗಳು ಕಲ್ಲಿಗೆ ತಾಗಿ ನಿಂತವು. ಅವಳು ಅರ್ಧ ಅಡಿ ಹಿಂದೆ ಸರಿದು ಇನ್ನೊಮ್ಮೆ ತಳ್ಳಿದಳು. ಮತ್ತೆ ತಾಗಿದವು. ಗಾಡಿ ಗೇಟಿನ ಮುಂದೆ ಬಂದು ಒಂದು ಕ್ಷಣ ನಿಂತದ್ದು ನಾನು ಕೂತಲ್ಲಿಂದಲೇ ಕಂಡಿತು. ವರಾಂಡ ಖಾಲಿ ಇದ್ದದ್ದನ್ನು ನೋಡಿ ಅದು ಮುಂದೆ ಹೋಯಿತು. ನಾನು ಪೇಪರಿನಿಂದ ತಲೆ ಎತ್ತಿ, ಅವಳು ಕರೆಯುತ್ತಾಳೇನೋ ಎಂದು ಕಾದೆ. ಅವಳು ಯಾರನ್ನೂ ಕೂಗಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿಕೊಂಡು ಒಳಗೆ ಹೋದಳು.